ಕೂಡಿಹಾಕಿದರೆ ನಿಲ್ಲದ ರೋಗ

ಲೈಂಗಿಕ ರೋಗ ಹರಡಬಾರದೆಂದರೆ ಹೆಂಗಸನ್ನು ಹಿಡಿದು ಪರೀಕ್ಷಿಸಬೇಕು, ರೋಗ ಕಂಡರೆ ಕೂಡಿಹಾಕಬೇಕು ಎಂಬ ಸರ್ಕಾರಿ ನಂಬಿಕೆಗೆ ನಮ್ಮಲ್ಲಿ ನೂರೈವತ್ತು ವರ್ಷ ದಾಟಿದ ವಯಸ್ಸು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆ 1864ರಲ್ಲಿ ಮುಂಬೈ ಪ್ರಾಂತ್ಯದ ಕಲಾದಗಿ ಜಿಲ್ಲೆಗೆ ಸೇರಿತು. ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಬಂದದ್ದು 1885ರಲ್ಲಿ. ಆ ಜಿಲ್ಲೆ ಹುಟ್ಟಿದ 1864ರಲ್ಲೇ ಬ್ರಿಟಿಷ್ ದಂಡಿನ ಪ್ರದೇಶಗಳ (ಕಂಟೋನ್ಮೆಂಟ್) ಕಾಯಿದೆಯೂ ಹುಟ್ಟಿತು. 1868ರಲ್ಲಿ ಅದರ ಬೆನ್ನಿಗೆ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂತು. ಬೆಳಗಾವಿಯ ದಂಡಿನಲ್ಲಿ, ಬೆಂಗಳೂರಿನ ದಂಡಿನಲ್ಲಿ ‘ಲಾಕ್ ಆಸ್ಪತ್ರೆ’ಗಳು ನಡೆದವು. ಹೆಸರಿಗೆ ಆಸ್ಪತ್ರೆ, ನಡಾವಳಿಯಲ್ಲಿ ಜೈಲು. ಅಲ್ಲಿಂದ ಇಲ್ಲಿಯವರೆಗಿನ ದಾಖಲೆ ಓದಿದರೆ ಒಂದು ಮಾತು ಸ್ಪಷ್ಟ: ಒತ್ತಾಯ ಪ್ರತಿ ಸಲವೂ ಸೋತಿದೆ; ರೋಗ ಇಳಿದದ್ದು ಹೆಂಗಸಿನ ಒಪ್ಪಿಗೆಯನ್ನು ಗಳಿಸಿದ ಕಡೆ. ಜೈಲಿನೊಳಗಿನ ಹೆಂಗಸಿಗೂ ಇದೇ ಪಾಠ ಸಲ್ಲುತ್ತದೆ.

ಲಾಕ್ ಆಸ್ಪತ್ರೆಯ ಕ್ರಮ ಹೀಗಿತ್ತು. ದಂಡಿನ ಸುತ್ತ ಕಸುಬು ಮಾಡುವ ಹೆಂಗಸು ಹೆಸರು ನೋಂದಾಯಿಸಬೇಕು, ಟಿಕೀಟು ಪಡೆಯಬೇಕು, ಗೊತ್ತಾದ ದಿನ ಪರೀಕ್ಷೆಗೆ ಬರಬೇಕು. ದಾಯಿ ನೋಡುತ್ತಿದ್ದಳು, ಇಲ್ಲವೇ ವೈದ್ಯ ಸ್ಪೆಕ್ಯುಲಂ ಹಾಕಿ ನೋಡುತ್ತಿದ್ದ. ಹುಣ್ಣು, ಸ್ರಾವ ಕಂಡರೆ ಗುಣವಾಗುವವರೆಗೆ ಹೊರಗೆ ಬಿಡುವಂತಿರಲಿಲ್ಲ. ಅವಳ ಬಳಿ ಬಂದ ಸೋಲ್ಜರನನ್ನು ಪರೀಕ್ಷಿಸುವ ಮಾತು ಆ ಕಾಯಿದೆಯಲ್ಲಿ ಇರಲಿಲ್ಲ. ವಿಜ್ಞಾನವೂ ಅವರ ಕೈಯಲ್ಲಿರಲಿಲ್ಲ. ಗೊನೋರಿಯಾದ ರೋಗಾಣುವನ್ನು ನೈಸರ್ ಗುರುತಿಸಿದ್ದು 1879ರಲ್ಲಿ. ಸಿಫಿಲಿಸ್‌ನ ರೋಗಾಣು ಸಿಕ್ಕಿದ್ದು 1905ರಲ್ಲಿ, ಅದರ ರಕ್ತಪರೀಕ್ಷೆ ಬಂದದ್ದು 1906ರಲ್ಲಿ. ಹೆಂಗಸರಲ್ಲಿ ಗೊನೋರಿಯಾ ಬಹಳ ಸಲ ಲಕ್ಷಣವನ್ನೇ ತೋರದು. ಸಿಫಿಲಿಸ್ ಹುಣ್ಣು ಮಾಯ್ದು ವರ್ಷಗಟ್ಟಲೆ ಸುಮ್ಮನಿರುತ್ತದೆ. ಕಣ್ಣಳತೆಯ ಪರೀಕ್ಷೆ ರೋಗಿಯನ್ನು ಬಿಟ್ಟು, ಬೇರೆ ಕಾರಣಕ್ಕೆ ಬಿಳಿ ಹೋಗುತ್ತಿದ್ದವಳನ್ನು ಹಿಡಿದಿಡಬಹುದಾಗಿತ್ತು. ಪರೀಕ್ಷೆಗೆ ಹೆದರಿ ನೋಂದಣಿ ತಪ್ಪಿಸಿಕೊಂಡವರಂತೂ ಲೆಕ್ಕಕ್ಕೇ ಸಿಗಲಿಲ್ಲ.

1888ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆ ರದ್ದಾಯಿತು. 1895ರ ಹೊತ್ತಿಗೆ ಭಾರತದ ಬ್ರಿಟಿಷ್ ಸೈನಿಕರಲ್ಲಿ ಈ ರೋಗಗಳಿಗಾಗಿ ಆಸ್ಪತ್ರೆ ಸೇರುವ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 500 ದಾಟಿತು. ‘ಕಾಯಿದೆ ತೆಗೆದದ್ದಕ್ಕೇ ಹೀಗಾಯಿತು’ ಎಂದು ಅದರ ಪಕ್ಷದವರು ವಾದಿಸಿದರು. ಆದರೆ ಕಾಯಿದೆ ಜಾರಿಯಲ್ಲಿದ್ದ ವರ್ಷಗಳಲ್ಲೇ ಈ ಪ್ರಮಾಣ ಏರತೊಡಗಿತ್ತು. ರೋಗ ಹೊತ್ತು ತಿರುಗುವ ಗಂಡಸನ್ನು ಬಿಟ್ಟು ಹೆಂಗಸಿಗಷ್ಟೇ ಬೀಗ ಹಾಕಿದರೆ ಫಲ ಬೇರೆಯಾಗುವುದು ಹೇಗೆ?

ಬ್ರಿಟಿಷರ ಕಾಯಿದೆ ಹೋದರೂ ಅದರ ತರ್ಕ ಉಳಿಯಿತು. ವಿಜಾಪುರ ಸೀಮೆ ಬರಗಾಲದ ನೆಲ, ಯಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಬಿಟ್ಟ ನೆಲ. ಮುಂಬೈ ಪ್ರಾಂತ್ಯ 1934ರಲ್ಲಿ, ಕರ್ನಾಟಕ 1982ರಲ್ಲಿ ದೇವದಾಸಿ ಪದ್ಧತಿಯ ವಿರುದ್ಧ ಕಾನೂನು ಮಾಡಿದವು. ಆದರೂ ಮುತ್ತು ಕಟ್ಟುವುದು ಕದ್ದುಮುಚ್ಚಿ ನಡೆಯಿತು. 1993–94 ಮತ್ತು 2007–08ರ ಸರ್ಕಾರಿ ಸಮೀಕ್ಷೆಗಳು ಒಟ್ಟು 46,660 ದೇವದಾಸಿಯರನ್ನು ಗುರುತಿಸಿದವು. ಆ ಪಟ್ಟಿಯ ಜಿಲ್ಲೆಗಳಲ್ಲಿ ವಿಜಾಪುರವೂ ಒಂದು. ಇವರಲ್ಲಿ ಹಲವರ ದಾರಿ ಸಾಂಗ್ಲಿ, ಪುಣೆ, ಮುಂಬೈಯ ಕಾಮಾಟಿಪುರದ ಕಡೆ ಹೊರಳಿತು. ಅಲ್ಲಿ ಅವರಿಗೆ ಎದುರಾದದ್ದು 1956ರ ಅನೈತಿಕ ಸಾಗಾಟ ತಡೆ ಕಾಯಿದೆ. ಗಿರಾಕಿ ಕರೆದ ಹೆಂಗಸಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ರಕ್ಷಣಾ ಗೃಹ. 1986ರ ತಿದ್ದುಪಡಿ, ದಾಳಿಯಲ್ಲಿ ಕರೆತಂದವರನ್ನು ವಯಸ್ಸು, ಗಾಯಗಳ ಜೊತೆಗೆ ಲೈಂಗಿಕ ರೋಗಕ್ಕಾಗಿಯೂ ವೈದ್ಯರಿಂದ ಪರೀಕ್ಷಿಸಬೇಕೆಂದಿತು. ಲಾಕ್ ಆಸ್ಪತ್ರೆ ಹಿಂಬಾಗಿಲಿನಿಂದ ಮರಳಿ ಬಂದಂತಾಯಿತು.

ಅದೇ 1986ರಲ್ಲಿ ಮದ್ರಾಸಿನಲ್ಲಿ ಡಾ. ಸುನಿತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆಹಚ್ಚಿದರು. ರಕ್ತದ ಮಾದರಿ ತೆಗೆದದ್ದು ಸರ್ಕಾರಿ ವಿಜಿಲೆನ್ಸ್ ಹೋಮಿನಲ್ಲಿ ಇರಿಸಿದ್ದ ಹೆಂಗಸರಿಂದ. ಆ ಪತ್ತೆ ದೊಡ್ಡದು. ಅದರ ನಂತರ ನಡೆದದ್ದು ಮಾತ್ರ ಹಳೆಯ ಕಥೆ: ತಮಿಳುನಾಡಿನಲ್ಲಿ ಸೋಂಕು ಕಂಡ ಹೆಂಗಸರನ್ನು ಶಿಕ್ಷೆಯ ಅವಧಿ ಮುಗಿದರೂ ಬಿಡಲಿಲ್ಲ; 1990ರಲ್ಲಿ ಮದ್ರಾಸ್ ಹೈಕೋರ್ಟ್ ಮಧ್ಯೆ ಬರಬೇಕಾಯಿತು. 1996ರ ಫೆಬ್ರುವರಿಯಲ್ಲಿ ಮುಂಬೈಯಲ್ಲಿ ದಾಳಿ ನಡೆಸಿ ನಾನೂರಕ್ಕೂ ಹೆಚ್ಚು ಹೆಂಗಸರು, ಹುಡುಗಿಯರನ್ನು ಹಿಡಿದು ಗೃಹಗಳಲ್ಲಿ ತುಂಬಿದರು. ಎಚ್‌ಐವಿ ಪರೀಕ್ಷೆ ನಡೆಯಿತು; ಆ ಗೃಹಗಳಲ್ಲೇ ಕೆಲವರು ಸತ್ತರು. ಪರೀಕ್ಷೆ ಇತ್ತು, ಆರೈಕೆ ಇರಲಿಲ್ಲ.

ಇದಕ್ಕೆ ಎದುರಾದ ಇನ್ನೊಂದು ಇತಿಹಾಸವೂ ವಿಜಾಪುರ ಸೀಮೆಯ ಅಂಚಿನಲ್ಲೇ ಬೆಳೆಯಿತು. ಸಾಂಗ್ಲಿಯಲ್ಲಿ ಕನ್ನಡ ಮಾತಾಡುವ ಹೆಂಗಸರೂ ಸೇರಿ ‘ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್’ ಕಟ್ಟಿ, ಕಾಂಡೋಮ್ ಹಂಚುವ ಕೆಲಸವನ್ನು ತಾವೇ ವಹಿಸಿಕೊಂಡರು. 2003ರಲ್ಲಿ ಆರಂಭವಾದ ‘ಆವಾಹನ್’ ಎಚ್‌ಐವಿ ತಡೆ ಯೋಜನೆ ಕರ್ನಾಟಕದಲ್ಲಿ ಇದೇ ದಾರಿ ಹಿಡಿಯಿತು: ಓಣಿಯವಳೇ ಓಣಿಯವಳಿಗೆ ಹೇಳುವುದು, ಹೆದರಿಕೆಯಿಲ್ಲದೆ ಹೋಗಬಹುದಾದ ಕ್ಲಿನಿಕ್ಕು, ಪೊಲೀಸರು ಹಿಡಿದರೆ ಓಡಿಬರುವ ತಂಡ. ಬೆಳಗಾವಿ ಸೇರಿದ ಐದು ಜಿಲ್ಲೆಗಳ ಕಸುಬಿನ ಹೆಂಗಸರಲ್ಲಿ ಎರಡು ಹಂತದ ಸಮೀಕ್ಷೆ ನಡೆಯಿತು. ಎಚ್‌ಐವಿ ಶೇ 19.6ರಿಂದ 16.4ಕ್ಕೆ, ಸಕ್ರಿಯ ಸೋಂಕು ಸೂಚಿಸುವ (ಹೈ-ಟೈಟರ್) ಸಿಫಿಲಿಸ್ ಶೇ 5.9ರಿಂದ 3.4ಕ್ಕೆ ಇಳಿದಿತ್ತು. 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹಿಂದಿನ ವರ್ಷ ಹೊಡೆತ ಅಥವಾ ಅತ್ಯಾಚಾರ ಅನುಭವಿಸಿದವರಲ್ಲಿ ಗೊನೋರಿಯಾ ಶೇ 5, ಉಳಿದವರಲ್ಲಿ ಶೇ 2.6, ಯೋಜನೆಯ ಕ್ಲಿನಿಕ್ಕಿಗೆ ಹೋದವರೂ ಮೊದಲ ಗುಂಪಿನಲ್ಲೇ ಕಡಿಮೆ. ಒಂದರಿಂದಲೇ ಇನ್ನೊಂದು ಹುಟ್ಟಿತೆಂದು ಸಮೀಕ್ಷೆಯೊಂದೇ ಸಾಬೀತು ಮಾಡಲಾರದು. ಆದರೆ ಹೆದರಿದವಳು ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂಬುದಕ್ಕೆ ಲಾಕ್ ಆಸ್ಪತ್ರೆಯ ಕಾಲದ ಸಾಕ್ಷಿಯೂ ಇದರ ಜೊತೆ ಸೇರುತ್ತದೆ.

ಈ ಪಾಠವನ್ನು ಜೈಲಿಗೆ ಅನ್ವಯಿಸಹೊರಟರೆ ಎರಡು ಆಕ್ಷೇಪ ಏಳುತ್ತವೆ. ಹೆಂಗಸರ ವಾರ್ಡಿನಲ್ಲಿ ಗಂಡಸರೇ ಇಲ್ಲದ ಮೇಲೆ ತಡೆಯುವುದೇನು ಎಂಬುದು ಮೊದಲನೆಯದು. ಸೋಂಕು ಜೈಲಿನ ಬಾಗಿಲಲ್ಲಿ ಇಳಿದುಹೋಗುವುದಿಲ್ಲ. ಕೊಲೆ, ಕಳವು, ಸಾರಾಯಿ, ಯಾವ ಪ್ರಕರಣದಲ್ಲಿ ಬಂದ ಗೃಹಿಣಿಯಾದರೂ ಗಂಡನಿಂದ ಬಂದ ಸಿಫಿಲಿಸ್ ಹೊತ್ತಿರಬಹುದು. ಬಸುರಿಯಾಗಿದ್ದರೆ ಮಗುವಿಗೂ ದಾಟೀತು. ಜಾಮೀನು ಸಿಕ್ಕ ದಿನ ಅವಳು ಅದೇ ಮನೆಗೆ ಮರಳುತ್ತಾಳೆ. ಎರಡನೆಯದು ಹೆಚ್ಚು ಗಟ್ಟಿ ಆಕ್ಷೇಪ: ಹೊರಗೆ ಎಂದೂ ವೈದ್ಯರ ಮುಖ ನೋಡದವಳು ಒಳಗೆ ಕೈಗೆ ಸಿಕ್ಕಿದ್ದಾಳೆ, ಎಲ್ಲರಿಗೂ ಕಡ್ಡಾಯ ಪರೀಕ್ಷೆ ಮಾಡಿಬಿಟ್ಟರೆ ತಪ್ಪೇನು? ಅವಕಾಶ ನಿಜ, ಅದನ್ನು ಬಿಡಬಾರದು. ಆದರೆ ಪರೀಕ್ಷೆಯಿಂದ ರೋಗ ಹೋಗದು. ಆರಂಭದ ಹಂತದ ಸಿಫಿಲಿಸ್‌ಗೆ ಬೆಂಜಥೀನ್ ಪೆನ್ಸಿಲಿನ್‌ನ ಒಂದು ಸರದಿ ಸೂಜಿ ಸಾಕು. ಆದರೆ ಗಂಡನಿಗೂ ಚಿಕಿತ್ಸೆ ಆಗದಿದ್ದರೆ ಮತ್ತೆ ಸೋಂಕು ತಗಲಬಹುದು. ಗಂಡನ ಹೆಸರು ಹೇಳಬೇಕಾದವಳು ಅವಳೇ. ಫಲಿತಾಂಶ ವಾರ್ಡಿನಲ್ಲಿ ಬಾಯಿಂದ ಬಾಯಿಗೆ ಹರಿದರೆ ಅವಳು ಬಾಯಿ ಬಿಡುವುದಿಲ್ಲ. ಬಲವಂತದಿಂದ ರಕ್ತ ಸಿಗಬಹುದು, ವಿಷಯ ಸಿಗುವುದಿಲ್ಲ.

ಕಾನೂನು ಈಗ ಈ ಕಡೆಗೇ ವಾಲಿದೆ. 2010ರ ವಿಶ್ವಸಂಸ್ಥೆಯ ಬ್ಯಾಂಕಾಕ್ ನಿಯಮಗಳು ಜೈಲು ಸೇರುವ ಹೆಂಗಸಿನ ಆರೋಗ್ಯ ತಪಾಸಣೆಯಲ್ಲಿ ಲೈಂಗಿಕ ರೋಗಗಳನ್ನೂ ಸೇರಿಸಿ, ಗುಟ್ಟು ಕಾಯುವ ಹಕ್ಕನ್ನೂ ಕೊಟ್ಟಿವೆ. 2018ರಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯಿದೆ, ಸರ್ಕಾರದ ಸುಪರ್ದಿಯಲ್ಲಿರುವ ಕೈದಿ, ವಿಚಾರಣಾಧೀನರು, ರಕ್ಷಣಾ ಗೃಹದವರು ಎಲ್ಲರಿಗೂ ತಡೆ, ಸಲಹೆ, ಪರೀಕ್ಷೆ, ಚಿಕಿತ್ಸೆಯ ಹಕ್ಕು ಕೊಡುತ್ತದೆ. ಒಪ್ಪಿಗೆಯಿಲ್ಲದ ಪರೀಕ್ಷೆಯನ್ನು ತಡೆಯುತ್ತದೆ. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಇಚ್ಛೆಗೆ ವಿರುದ್ಧವಾಗಿ ಗೃಹಗಳಲ್ಲಿ ಇಟ್ಟ ವಯಸ್ಕ ಹೆಂಗಸರನ್ನು ಗುರುತಿಸಿ ಬಿಡುಗಡೆಗೆ ಕ್ರಮ ಕೈಗೊಳ್ಳಬೇಕೆಂದು ಹೇಳಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಿಂದ ವಿಜಯಪುರದ (ಹಿಂದಿನ ವಿಜಾಪುರ) ದರ್ಗಾ ಜೈಲಿಗೆ ಹೋಗುವವಳ ಮಟ್ಟಿಗೆ ಇದರ ಅರ್ಥ ಸರಳ: ಹೆಣ್ಣು ವೈದ್ಯೆ ಅಥವಾ ನರ್ಸಿನ ಎದುರು, ಕಾವಲಿನವರ ಕಿವಿಗೆ ಬೀಳದಂತೆ ಮಾತು, ಕೇಳಿ ಮಾಡುವ ಪರೀಕ್ಷೆ, ಅಂದೇ ಚಿಕಿತ್ಸೆ, ಬಿಡುಗಡೆಯಾದ ಮೇಲೆ ತನ್ನೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಔಷಧ ಮುಂದುವರಿಯುವ ಏರ್ಪಾಟು. ಇದಕ್ಕೆ ಹೊಸ ಕಾಯಿದೆ ಬೇಕಿಲ್ಲ. ಹೆಂಗಸನ್ನು ರೋಗದ ಮೂಲವೆಂದು ನೋಡುವ 1868ರ ಕಣ್ಣನ್ನು ಬಿಟ್ಟು, ಚಿಕಿತ್ಸೆಗೆ ಹಕ್ಕುಳ್ಳವಳೆಂದು ನೋಡುವ ಆಡಳಿತ ಸಾಕು.