ಬಿರುಕು ಬಿಟ್ಟ ಬ್ಯಾಟು ನಡೀತದೋ ಇಲ್ಲೋ?

ಚಿಣ್ಣಿದಾಂಡಿನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. ದಾಂಡು ಸೀಳಿದರೆ ಬೇಲಿಯಿಂದ ಇನ್ನೊಂದು ಕಟ್ಟಿಗೆ ಮುರಿದುಕೊಂಡು ಬಂದರಾಯಿತು. ಅದಕ್ಕೆ ಅಗಲವಿಲ್ಲ, ಉದ್ದವಿಲ್ಲ, ಅಂಪೈರೂ ಇಲ್ಲ. ಪೇಪರಿನವರು ಬ್ಯಾಟ್ಸ್‌ಮನ್‌ಗೆ ‘ದಾಂಡಿಗ’ ಎಂದು ಬರೆಯುವಾಗೆಲ್ಲ ನನಗೆ ಈ ದಾಂಡೇ ನೆನಪಾಗುತ್ತದೆ. ಆದರೆ ದಾಂಡು ಬ್ಯಾಟಾಗಿ, ಬ್ಯಾಟಿಗೆ ಬೆಲೆ ಬಂದ ಮೇಲೆ ಕಥೆ ಬೇರೆ. ಬಿರುಕು ಬಿಟ್ಟದ್ದನ್ನು ಬಿಸಾಡಲು ಮನಸ್ಸು ಬರುವುದಿಲ್ಲ, ರಿಪೇರಿ ಮಾಡಿದರೆ ಎದುರಿನವರು ಬಿಡುವುದಿಲ್ಲ!

ನಮ್ಮ ಕುಡಚಿಯ ಕಡೆ ಈ ಜಗಳ ಕೇಳದ ಬೇಸಿಗೆಯೇ ಇಲ್ಲ. ಕಬ್ಬು ಕಡಿದು ಖಾಲಿಯಾದ ಹೊಲ, ಟೆನಿಸ್ ಬಾಲು, ಹಳ್ಳಿಗೊಂದು ಟೀಮು. ಊರಿನ ಬಡಿಗ್ಯಾರು ಬೇವಿನ ಹಲಗೆಯಲ್ಲಿ ಕೆತ್ತಿಕೊಟ್ಟ ಬ್ಯಾಟಿನಿಂದ ಹಿಡಿದು ಮೀರಜಿನಿಂದ ತಂದ ಕಾಶ್ಮೀರಿ ಬ್ಯಾಟಿನವರೆಗೆ ಎಲ್ಲವೂ ಅಲ್ಲಿ ಇರುತ್ತವೆ. ಒಂದಕ್ಕೆ ಸೈಕಲ್ ಟ್ಯೂಬು ಸುತ್ತಿರುತ್ತದೆ, ಇನ್ನೊಂದಕ್ಕೆ ಸುತಳಿ ಬಿಗಿದು ಫೆವಿಕಾಲ್ ಬಳಿದಿರುತ್ತದೆ, ಮತ್ತೊಂದರ ತುದಿಗೆ ಎಣ್ಣೆ ಡಬ್ಬಿಯ ತಗಡು ಬಡಿದು ಮೊಳೆ ಹೊಡೆದಿರುತ್ತದೆ. ರಾಯಬಾಗದ ಹತ್ತಿರ ಒಂದು ಟೂರ್ನಮೆಂಟಿನಲ್ಲಿ ಇಂಥ ತಗಡಿನ ಬ್ಯಾಟಿನ ಮೇಲೆ ನಮ್ಮವರು ತಕರಾರು ತೆಗೆದಾಗ ಅಂಪೈರ್ ಆಗಿ ನಿಂತ ಮಾಸ್ತರರು ಹೇಳಿದ್ದು ಒಂದೇ ಮಾತು, “ಏ ತಮ್ಮಾ, ಬಡವರ ಬ್ಯಾಟ್ ಐತಿ, ಆಡಾಕ ಬಿಡ್ರಿ.” ಆಟ ಮುಂದುವರಿಯಿತು. ನಾವು ಸೋತೆವು. ಬಾಲು ಸೀಳಿದ್ದು ಬೇರೆ ಮಾತು.

ಮಾಸ್ತರರ ಕರುಣೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ನಿಯಮ ನಿಜವಾಗಿ ಏನನ್ನುತ್ತದೆ, ಮತ್ತು ಯಾಕೆ ಹಾಗನ್ನುತ್ತದೆ ಅನ್ನುವ ಕುತೂಹಲ ಅವತ್ತಿನಿಂದ ಉಳಿದಿತ್ತು. ಹುಡುಕುತ್ತಾ ಹೋದರೆ ಇದು ಇನ್ನೂರೈವತ್ತು ವರ್ಷದ ಹಿಂದಿನ ಒಂದು ಜಗಳಕ್ಕೆ ಹೋಗಿ ಮುಟ್ಟುತ್ತದೆ.

1771ರ ಸೆಪ್ಟೆಂಬರ್. ಇಂಗ್ಲೆಂಡಿನ ಚರ್ಟ್ಸಿ ಮತ್ತು ಹ್ಯಾಂಬಲ್ಡನ್ ತಂಡಗಳ ನಡುವೆ ಲೇಲ್ಹ್ಯಾಮ್ ಬರ್ವೆ ಎಂಬಲ್ಲಿ ಪಂದ್ಯ. ಚರ್ಟ್ಸಿಯ ಥಾಮಸ್ ವೈಟ್ ಎಂಬ ಆಟಗಾರ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬಂದ. ಆಗಿನ್ನೂ ಎರಡೇ ಸ್ಟಂಪು, ಮೇಲೊಂದು ಬೇಲ್. ಅವುಗಳ ಮುಂದೆ ಇಂಥ ಹಲಗೆ ಅಡ್ಡ ಹಿಡಿದರೆ ಬೌಲ್ಡ್ ಮಾಡುವುದಾದರೂ ಹೇಗೆ? ಬ್ಯಾಟಿನ ಅಗಲಕ್ಕೆ ಅಲ್ಲಿಯವರೆಗೆ ಮಿತಿ ಇರಲಿಲ್ಲ, ಅಂದರೆ ವೈಟ್ ಮಾಡಿದ್ದು ಅಂದಿನ ಲೆಕ್ಕದಲ್ಲಿ ತಪ್ಪೇ ಅಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಯಾರೂ ಟೆಸ್ಟ್ ಮಾಡದೆ ಬಿಟ್ಟಿದ್ದ ಒಂದು ಕೇಸನ್ನು ಆತ ಟೆಸ್ಟ್ ಮಾಡಿದ :) ಹ್ಯಾಂಬಲ್ಡನ್ನಿನವರು ಆ ಪಂದ್ಯವನ್ನು ಗೆದ್ದರು, ಅದೂ ಒಂದೇ ರನ್ನಿನಿಂದ. ಗೆದ್ದರೂ ಅವರ ಸಿಟ್ಟು ಇಳಿಯಲಿಲ್ಲ. ರಿಚರ್ಡ್ ನೈರೆನ್, ಥಾಮಸ್ ಬ್ರೆಟ್ ಮತ್ತು ಜಾನ್ ಸ್ಮಾಲ್ ಸಹಿ ಹಾಕಿ ಒಂದು ಆಕ್ಷೇಪಣೆ ಬರೆದರು. ಬ್ಯಾಟಿನ ಅಗಲ ನಾಲ್ಕೂಕಾಲು ಇಂಚು ಮೀರಬಾರದು ಅಂತ. 1774ರ ನಿಯಮಾವಳಿಯಲ್ಲಿ ಅದು ಸೇರಿತು. ಹ್ಯಾಂಬಲ್ಡನ್ನಿನವರು ಕಬ್ಬಿಣದ ಒಂದು ಅಳತೆಪಟ್ಟಿಯನ್ನೇ ಮಾಡಿಸಿಟ್ಟುಕೊಂಡರು. ಅದರೊಳಗೆ ತೂರಿದ ಬ್ಯಾಟಿಗೆ ಮಾತ್ರ ಪರವಾನಗಿ.

ಸಹಿ ಹಾಕಿದವರಲ್ಲಿ ಜಾನ್ ಸ್ಮಾಲ್ ಸ್ವತಃ ಬ್ಯಾಟು ತಯಾರಿಸುವವನು ಅನ್ನುವುದು ನನಗೆ ಬಹಳ ಹಿಡಿಸಿದ ಸಂಗತಿ. ಎಷ್ಟಿದ್ದರೆ ಸಾಕು ಅಂತ ಕೆತ್ತುವವನಿಗೇ ಗೊತ್ತಿರಬೇಕಲ್ಲವೇ?

ಆ 4.25 ಇಂಚು ಇವತ್ತಿಗೂ ಹಾಗೇ ಇದೆ. 1835ರಲ್ಲಿ ಉದ್ದಕ್ಕೆ 38 ಇಂಚಿನ ಮಿತಿ ಬಂತು, ಅದೂ ಹಾಗೇ ಇದೆ. ದಪ್ಪಕ್ಕೆ ಮಾತ್ರ 2017ರವರೆಗೆ ಯಾರೂ ಲಗಾಮು ಹಾಕಿರಲಿಲ್ಲ.

ನಡುವೆ ಬ್ಯಾಟಿನ ಒಳಗೇ ದೊಡ್ಡ ಬದಲಾವಣೆ ಆಯಿತು. ಮೊದಲೆಲ್ಲ ಹಿಡಿಕೆ, ಹಲಗೆ ಎರಡೂ ಒಂದೇ ತುಂಡು. ನಮ್ಮ ಬಡಿಗ್ಯಾರ ಬೇವಿನ ಬ್ಯಾಟು ಹಾಗೇ ಇರುತ್ತದೆ. ಅದರಲ್ಲಿ ಆಡಿದವರಿಗೆ ಗೊತ್ತು, ತುದಿಗೆ ಬಾಲು ಬಿದ್ದರೆ ಮೊಣಕೈವರೆಗೆ ಜುಮ್ಮೆನ್ನುತ್ತದೆ. 1853ರ ಸುಮಾರಿಗೆ ಥಾಮಸ್ ನಿಕ್ಸನ್ ಎಂಬಾತ ಬೆತ್ತದ ಹಿಡಿಕೆ ತಂದ. ಹಿಡಿಕೆಯನ್ನು ಹಲಗೆಯೊಳಗೆ ‘ವಿ’ ಆಕಾರದಲ್ಲಿ ಕೂರಿಸುವ ಈಗಿನ ಪದ್ಧತಿಯನ್ನು 1880ರ ದಶಕದಲ್ಲಿ ಬಳಕೆಗೆ ತಂದವನು ಚಾರ್ಲ್ಸ್ ರಿಚರ್ಡ್‌ಸನ್. ಈತ ಪ್ರಸಿದ್ಧ ಬ್ರೂನೆಲ್‌ನ ಶಿಷ್ಯ, ಸೆವರ್ನ್ ನದಿಯ ಕೆಳಗಿನ ರೈಲ್ವೆ ಸುರಂಗದ ಮುಖ್ಯ ಎಂಜಿನಿಯರ್! ಸುರಂಗ ಕೊರೆಯುವವನಿಗೆ ಬ್ಯಾಟಿನ ಜೋಡಣೆ ಸರಿಮಾಡುವ ಉಸಾಬರಿ ಯಾಕೆ ಬೇಕಿತ್ತೋ. ಎಂಜಿನಿಯರುಗಳ ಚಟವೇ ಅಂಥದ್ದು.

ಅಲ್ಲಿಗೆ ಬ್ಯಾಟು ಒಂದೇ ಕಟ್ಟಿಗೆಯಾಗಿ ಉಳಿಯಲಿಲ್ಲ. ಕಟ್ಟಿಗೆ, ಬೆತ್ತ, ಅಂಟು, ದಾರ ಎಲ್ಲ ಸೇರಿದ ಒಂದು ಯಂತ್ರವಾಯಿತು. ಯಂತ್ರ ಅಂದಮೇಲೆ ಕೆಡುತ್ತದೆ, ರಿಪೇರಿ ಬೇಕಾಗುತ್ತದೆ, ರಿಪೇರಿಯ ನೆಪದಲ್ಲಿ ಏನಾದರೂ ತುರುಕುವ ಆಸೆಯೂ ಆಗುತ್ತದೆ.

1979ರ ಡಿಸೆಂಬರಿನಲ್ಲಿ ಪರ್ತ್ ಟೆಸ್ಟಿಗೆ ಡೆನ್ನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಬಂದ ಕಥೆ ನೀವು ಕೇಳಿರುತ್ತೀರಿ. ಬೋಥಮ್ ಎಸೆತವನ್ನು ಹೊಡೆದು ಮೂರು ರನ್ ಓಡಿದ. ಬ್ಯಾಟು ಚೆಂಡನ್ನು ಹಾಳು ಮಾಡುತ್ತಿದೆ ಎಂದು ಇಂಗ್ಲೆಂಡಿನ ನಾಯಕ ಮೈಕ್ ಬ್ರಿಯರ್ಲಿ ಅಂಪೈರುಗಳಿಗೆ ದೂರು ಕೊಟ್ಟ. ತಮಾಷೆ ಏನೆಂದರೆ ಲಿಲ್ಲಿಯ ನಾಯಕ ಗ್ರೆಗ್ ಚಾಪೆಲ್‌ಗೂ ಆ ಬ್ಯಾಟು ಬೇಡವಾಗಿತ್ತು. ಕಟ್ಟಿಗೆಯದಾಗಿದ್ದರೆ ಮೂರಲ್ಲ, ನಾಲ್ಕು ಹೋಗುತ್ತಿತ್ತು ಎಂಬುದು ಅವನ ಲೆಕ್ಕ! ಹತ್ತು ನಿಮಿಷ ಆಟ ನಿಂತು, ಕೊನೆಗೆ ಲಿಲ್ಲಿ ಬ್ಯಾಟನ್ನು ದೂರಕ್ಕೆ ಬೀಸಿ ಎಸೆದ. 1980ರ ನಿಯಮಾವಳಿಯಲ್ಲಿ ಹಲಗೆ ಕಟ್ಟಿಗೆಯದೇ ಆಗಿರಬೇಕು ಎಂಬ ಸಾಲು ಬಂತು. ಅದುವರೆಗೆ ಹಾಗೆ ಬರೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಗಮನಿಸಿ, ಇಲ್ಲಿ ದೂರು ಬಂದದ್ದು ಚೆಂಡಿನ ಪರವಾಗಿ. ಬಿರುಕು ಬಿಟ್ಟ ಬ್ಯಾಟಿನ ಪ್ರಶ್ನೆಗೆ ಕ್ರಿಕೆಟ್ ಕೊಡುವ ಉತ್ತರವೂ ಇದೇ ದಿಕ್ಕಿನದು. ಬ್ಯಾಟಿನಲ್ಲಿ ಬಿರುಕಿದೆಯೇ ಎಂದು ನಿಯಮ ಕೇಳುವುದೇ ಇಲ್ಲ. ಬರಿಯ ಕಟ್ಟಿಗೆಗೆ ಬಡಿದಾಗ ಚೆಂಡು ಸಹಜವಾಗಿ ಎಷ್ಟು ಸವೆಯುತ್ತದೋ ಅದಕ್ಕಿಂತ ಹೆಚ್ಚು ಹಾನಿ ಈ ಬ್ಯಾಟಿನಿಂದ ಆಗುತ್ತದೆಯೇ? ಇಷ್ಟೇ ಪ್ರಶ್ನೆ. ಇದರ ಜತೆ ರಿಪೇರಿಗೆ ಏನೇನು ಬಳಸಬಹುದು ಎಂಬುದನ್ನು ಈಗಿನ ಐದನೆಯ ನಿಯಮ ಬಿಡಿಸಿ ಹೇಳಿದೆ. ನಮ್ಮ ಹೊಲದ ಬ್ಯಾಟುಗಳನ್ನೇ ಇಟ್ಟು ನೋಡೋಣ.

ಮೇಲ್ಮೈ ಮಾತ್ರ ಕೆತ್ತಿ ಹೋಗಿದ್ದರೆ ಅದರ ಮೇಲೆ ಪಟ್ಟಿ ಅಂಟಿಸಬಹುದು, ದಪ್ಪ 1 ಮಿಲಿಮೀಟರ್ ಮೀರಬಾರದು, ಮತ್ತು ಆ ವಸ್ತು ಗಡುಸಾಗಿರಬಾರದು. ಹಚ್ಚುವಾಗಲೂ ಗಡುಸಾಗಿರಬಾರದು, ಹಚ್ಚಿದ ಮೇಲೂ ಗಡುಸಾಗಬಾರದು! ಈ ಎರಡನೆಯ ಮಾತು ಬರೆದವನಿಗೆ ಎಂ-ಸೀಲ್ ಗೊತ್ತಿತ್ತೋ ಏನೋ. ಹಚ್ಚುವಾಗ ಕಣಕದ ಹಾಗೆ ಮೆತ್ತಗಿದ್ದು ಮರುದಿನ ಕಲ್ಲಾಗುವ ಎಂ-ಸೀಲ್ ಇಲ್ಲಿ ಸಿಕ್ಕಿಬೀಳುತ್ತದೆ. ಟೇಪು ಪಾಸು. ಸೈಕಲ್ ಟ್ಯೂಬು ಒಂದು ಸುತ್ತಾದರೆ ಅಳತೆಪಟ್ಟಿ ತರಬೇಕು, ಎರಡು ಸುತ್ತಾದರೆ ಖಂಡಿತ ಫೇಲು.

ಬಿರುಕು ಒಳಕ್ಕೆ ಇಳಿದಿದ್ದರೆ ಒಳಗೆ ತುಂಡು ಸೇರಿಸಬಹುದು. ಆದರೆ ಆ ತುಂಡು ಕಟ್ಟಿಗೆಯದೇ ಆಗಿರಬೇಕು, ಅಂಟು ಎಷ್ಟು ಬೇಕೋ ಅಷ್ಟೇ. ಮೊಳೆಗೆ ಜಾಗವಿಲ್ಲ. ಇನ್ನು ತುದಿ. ಅಲ್ಲಿ ಮಾತ್ರ ಗಟ್ಟಿ ವಸ್ತು ಹಚ್ಚಲು ಅವಕಾಶವಿದೆ, 3 ಮಿಲಿಮೀಟರಿನವರೆಗೆ. ಆದರೆ ಅದು ಮುಖಕ್ಕಾಗಲಿ, ಬೆನ್ನಿಗಾಗಲಿ, ಪಕ್ಕಕ್ಕಾಗಲಿ ಹಬ್ಬಬಾರದು. ರಾಯಬಾಗದ ಆ ತಗಡು ಮುಖದ ಮೇಲೆ ಎರಡು ಬೆರಳು ಮಡಚಿಕೊಂಡಿತ್ತು. ಮಾಸ್ತರರೇ, ಅದು ನಡೆಯುವುದಿಲ್ಲ! ಬಡತನಕ್ಕಾಗಿ ಅಲ್ಲ, ತಗಡಿಗಾಗಿ. ಅದೇ ಹುಡುಗ ಬಡಿಗ್ಯಾರ ಕಡೆ ಹೋಗಿ ಒಂದು ಕಟ್ಟಿಗೆ ಚಕ್ಕೆ ಕೂರಿಸಿಕೊಂಡು ಬಂದಿದ್ದರೆ ಲಾರ್ಡ್ಸಿನಲ್ಲೂ ಯಾರೂ ಕೇಳುತ್ತಿರಲಿಲ್ಲ.

ಈ ಮಾತುಗಳು ಇಷ್ಟು ಬಿಗಿಯಾದದ್ದು ಇತ್ತೀಚೆಗೆ. 2000ದ ನಿಯಮಾವಳಿಯಲ್ಲಿ ಹೊದಿಕೆಯ ದಪ್ಪ 1.56 ಮಿ.ಮೀ. ಇತ್ತು, ರಕ್ಷಣೆ ಮತ್ತು ರಿಪೇರಿಯ ಜತೆಗೆ ‘ಬಲಪಡಿಸಲು’ ಎಂಬ ಕಾರಣವೂ ಸೇರಿತ್ತು. ಆ ಒಂದು ಪದವೇ ಬಾಗಿಲು. ರಿಕಿ ಪಾಂಟಿಂಗ್ ಬಳಸುತ್ತಿದ್ದ ಕೂಕಬುರ್ರಾ ಬ್ಯಾಟಿನ ಬೆನ್ನಿಗೆ ಗ್ರಾಫೈಟ್ ಪಟ್ಟಿ ಇತ್ತು. ಅದು ನಿಯಮಕ್ಕೆ ಹೊಂದುವುದಿಲ್ಲ ಎಂದು ಎಂಸಿಸಿ ಹೇಳಿದ್ದರಿಂದ 2006ರಲ್ಲಿ ಕಂಪನಿಯೇ ಹಿಂತೆಗೆದುಕೊಂಡಿತು. ಆಮೇಲೆ ನಿಯಮವೂ ಬದಲಾಯಿತು.

ಈಗ ಸಾಫ್ಟ್‌ಬಾಲ್ ಕಡೆ ಒಂದು ಸುತ್ತು ಹೋಗಿ ಬರೋಣ. ಅಲ್ಲಿ ಲೆಕ್ಕ ಪೂರ್ತಿ ಉಲ್ಟಾ. 1887ರಲ್ಲಿ ಶಿಕಾಗೋದ ಒಂದು ಬೋಟ್ ಕ್ಲಬ್ಬಿನಲ್ಲಿ ಜಾರ್ಜ್ ಹ್ಯಾಂಕಾಕ್ ಎಂಬಾತ ಈ ಆಟ ಹುಟ್ಟುಹಾಕಿದಾಗ ಬಾಲು ಅಂದರೆ ಸುತ್ತಿ ಕಟ್ಟಿದ ಬಾಕ್ಸಿಂಗ್ ಗ್ಲೌಸು, ಬ್ಯಾಟು ಅಂದರೆ ಕಸಬರಿಗೆಯ ಕೋಲು. ನಮ್ಮ ದಾಂಡಿಗೂ ಅದಕ್ಕೂ ಏನೂ ವ್ಯತ್ಯಾಸವಿಲ್ಲ. ಆದರೆ ಈಗಿನ ಸಾಫ್ಟ್‌ಬಾಲ್ ಬ್ಯಾಟು ಒಳಗೆ ಟೊಳ್ಳು, ಅಲ್ಯೂಮಿನಿಯಂದು ಇಲ್ಲವೇ ನಾರು ಮತ್ತು ರಾಳ ಸೇರಿಸಿ ಮಾಡಿದ ಕಾಂಪೊಸಿಟ್. ಬಾಲು ಬಡಿದಾಗ ಅದರ ತೆಳು ಗೋಡೆ ಒಳಕ್ಕೆ ತಗ್ಗಿ ಮತ್ತೆ ಪುಟಿಯುತ್ತದೆ, ಟ್ರ್ಯಾಂಪೊಲಿನ್ ಇದ್ದ ಹಾಗೆ. ಗೋಡೆ ಗಟ್ಟಿಯಿದ್ದರೆ ಬಾಲೇ ಚಪ್ಪಟೆಯಾಗಬೇಕು, ಹಾಗಾದಾಗ ಶಕ್ತಿ ಬಹಳಷ್ಟು ಪೋಲಾಗುತ್ತದೆ. ಗೋಡೆ ಮೆದುವಾದರೆ ಬಾಲು ಕಡಿಮೆ ಚಪ್ಪಟೆಯಾಗುತ್ತದೆ, ಪೋಲೂ ಕಡಿಮೆ. ಕಾಂಪೊಸಿಟ್ ಬ್ಯಾಟು ಹಳತಾದಂತೆ ಒಳಗಿನ ರಾಳದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಮೂಡಿ ಗೋಡೆ ಮೆದುವಾಗುತ್ತಾ ಹೋಗುತ್ತದೆ.

ಅಂದರೆ ಹಳೆಯ ಬ್ಯಾಟು ಹೊಸದಕ್ಕಿಂತ ಜೋರಾಗಿ ಹೊಡೆಯುತ್ತದೆ! ಕಟ್ಟಿಗೆ ಬಿರಿದರೆ ಸತ್ತಿತು, ‘ಧಬ್’ ಅನ್ನುತ್ತದೆ, ನಷ್ಟ ಹೊಡೆಯುವವನಿಗೇ. ಕಾಂಪೊಸಿಟ್ ಬಿರಿದರೆ ಲಾಭ ಹೊಡೆಯುವವನಿಗೆ, ಅಪಾಯ ಎದುರಿಗೆ 43 ಅಡಿ ದೂರದಿಂದ ಬಾಲು ಎಸೆದು ನಿಂತವಳ ಮುಖಕ್ಕೆ. ಅದಕ್ಕೇ ಅಮೆರಿಕದ ಸಾಫ್ಟ್‌ಬಾಲ್ ಸಂಸ್ಥೆ 2004ರ ಮಾನದಂಡದಲ್ಲಿ ಬ್ಯಾಟಿನಿಂದ ಹೊರಡುವ ಬಾಲಿನ ವೇಗಕ್ಕೆ ಗಂಟೆಗೆ 98 ಮೈಲಿಯ ಮಿತಿ ಹಾಕಿತು. ಬಿರುಕು, ನಗ್ಗು, ಅಲುಗಾಡಿಸಿದರೆ ಒಳಗೆ ಗಲಗಲ ಸದ್ದು, ಇವುಗಳಲ್ಲಿ ಯಾವುದಿದ್ದರೂ ಅಲ್ಲಿ ಆ ಬ್ಯಾಟು ಹೊರಗೆ. ಅಂಥದ್ದನ್ನು ಹಿಡಿದು ಆಡಲು ನಿಂತರೆ ಔಟ್. ಅಮೆರಿಕದ ಕಾಲೇಜು ಬೇಸ್‌ಬಾಲಿನಲ್ಲಂತೂ 2009ರಲ್ಲಿ ಕಾಂಪೊಸಿಟ್ ಬ್ಯಾಟುಗಳನ್ನೇ ತಡೆಹಿಡಿದರು. ಹೊಸ ಬ್ಯಾಟನ್ನು ಪರೀಕ್ಷೆ ಮಾಡಿ ಪ್ರಯೋಜನವಿಲ್ಲ, ಬೇಕೆಂದೇ ಹಳತು ಮಾಡಿ ಪರೀಕ್ಷಿಸಬೇಕು ಎಂದು ಆಮೇಲೆ ಹೊಸ ವಿಧಾನ ತಂದರು. ರಿಲೀಸ್ ದಿನ ಪಾಸಾದ ಪ್ರೋಗ್ರಾಮು ಆರು ತಿಂಗಳ ನಂತರವೂ ಹಾಗೇ ಇರುತ್ತದೆ ಎಂದು ನಂಬುವ ಮ್ಯಾನೇಜರುಗಳು ಇದನ್ನು ಓದಬೇಕು.

ಕ್ರಿಕೆಟ್ ಕಟ್ಟಿಗೆಯನ್ನು ಬಿಟ್ಟುಕೊಡದೆ ಇದ್ದದ್ದರಿಂದ ಈ ತಲೆನೋವು ತಪ್ಪಿತು ಎನ್ನುವುದು ನನ್ನ ಅನಿಸಿಕೆ. 2021ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಬಿದಿರಿನ ಬ್ಯಾಟು ಮಾಡಿ ತೋರಿಸಿದಾಗಲೂ, ಈಗಿನ ನಿಯಮದಲ್ಲಿ ಇದಕ್ಕೆ ಅವಕಾಶವಿಲ್ಲ ಎಂದು ಎಂಸಿಸಿ ಹೇಳಿತು. ಬಿದಿರು ಹುಲ್ಲಿನ ಜಾತಿ, ಮೇಲಾಗಿ ಪದರ ಅಂಟಿಸಿದ ಹಲಗೆ.

ಕಟ್ಟಿಗೆಯಲ್ಲೇ ದಪ್ಪ ಬೆಳೆದದ್ದು ಬೇರೆ ಕಥೆ. ಅದಕ್ಕೆ ಕಡಿವಾಣ ಬಂದಾಗ ಐಸಿಸಿಯ ಕ್ರಿಕೆಟ್ ಸಮಿತಿಯ ಅಧ್ಯಕ್ಷರಾಗಿದ್ದವರು ನಮ್ಮ ಅನಿಲ್ ಕುಂಬ್ಳೆ. 2017ರಿಂದ ಅಂಚು 40 ಮಿಲಿಮೀಟರ್, ಒಟ್ಟು ದಪ್ಪ 67 ಮಿಲಿಮೀಟರ್ ಮೀರುವಂತಿಲ್ಲ. ಬೌಲರ್ ಒಬ್ಬರು ಆ ಕುರ್ಚಿಯಲ್ಲಿದ್ದದ್ದು ಒಳ್ಳೆಯದೇ ಆಯಿತು. ಮರುವರ್ಷ ಅವರದೇ ಬೆಂಗಳೂರಿನ ಕಂಪನಿ ಸ್ಪೆಕ್ಟಾಕಾಮ್ ಬ್ಯಾಟಿನ ಭುಜಕ್ಕೆ ಅಂಟಿಸುವ ಸೆನ್ಸರ್ ಸ್ಟಿಕ್ಕರ್ ತಂದಿತು ಅನ್ನುವುದನ್ನೂ ಹೇಳಿಬಿಡುತ್ತೇನೆ. ಹೊಡೆತದ ವೇಗ, ತಿರುವು ಎಲ್ಲ ಅಳೆಯುತ್ತದಂತೆ. 2025ರ ಐಪಿಎಲ್‌ನಲ್ಲಿ ಅಂಪೈರುಗಳು ಮೈದಾನದಲ್ಲೇ ಅಳತೆಪಟ್ಟಿ ತೆಗೆದು ಹೆಟ್ಮೇಯರ್, ಹಾರ್ದಿಕ್ ಪಾಂಡ್ಯ ಮುಂತಾದವರ ಬ್ಯಾಟು ತೂರಿಸಿ ನೋಡಿದರು. ಏಪ್ರಿಲ್ 15ರಂದು ಪಂಜಾಬಿನ ವಿರುದ್ಧ ಸುನಿಲ್ ನರೈನ್ ಬ್ಯಾಟು ಅದರಲ್ಲಿ ತೂರಲಿಲ್ಲ. ಟಿವಿ ಮುಂದೆ ಕೂತವರಿಗೆ ಇದು ಹೊಸದಾಗಿ ಕಂಡಿತು, ಹ್ಯಾಂಬಲ್ಡನ್ನಿನ ಕಬ್ಬಿಣದ ಪಟ್ಟಿ ನೆನಪಿದ್ದವರಿಗೆ ಅಲ್ಲ. ಅಂದಹಾಗೆ ನಿಯಮ ಒಪ್ಪಿದ ಹೊದಿಕೆ, ತುದಿಯ ರಕ್ಷಣೆ ಇವುಗಳ ದಪ್ಪ ಆ ಅಳತೆಗಳ ಮೇಲೆ ಹೆಚ್ಚುವರಿ. ಅಂದರೆ ಬರೀ ಟೇಪು ಸುತ್ತಿದ್ದಕ್ಕೆ ಯಾರ ಬ್ಯಾಟೂ ಫೇಲಾಗುವುದಿಲ್ಲ.

ರಿಪೇರಿ ಅಂದರೆ ಬಡವರ ಪಾಡು ಅಂದುಕೊಂಡಿದ್ದರೆ ಅದೂ ಸರಿಯಲ್ಲ. ಬಿಹಾರದಿಂದ ಬೆಂಗಳೂರಿಗೆ ಬಂದು ನೆಲೆಸಿದ ರಾಮ್ ಭಂಡಾರಿ ಎಂಬ ಕುಶಲಕರ್ಮಿ ರಾಹುಲ್ ದ್ರಾವಿಡ್, ಸಚಿನ್ ತೆಂಡೂಲ್ಕರ್ ಅವರ ಬ್ಯಾಟುಗಳನ್ನು ರಿಪೇರಿ ಮಾಡಿ ಹೆಸರಾದವರು. ಮುಂಬೈಯಲ್ಲಿ ಅಸ್ಲಂ ಚೌಧರಿ ಎಂಬವರೂ ಹಾಗೇ. ಬ್ಯಾಟನ್ನು ಧಾರಾಳವಾಗಿ ಕೊಡುವ ಕಂಪನಿಗಳು ಹಿಂದೆ ಇದ್ದರೂ ದೊಡ್ಡ ಆಟಗಾರರು ತಮ್ಮ ಕೈಗೆ ಪಳಗಿದ ಒಂದು ಬ್ಯಾಟನ್ನು ಬಿಡಲಾರದೆ ಇವರ ಹತ್ತಿರ ತರುತ್ತಾರೆ. ಇವರು ಮಾಡುವುದು ನಮ್ಮೂರ ಬಡಿಗ್ಯಾರಿಗೂ ಬರುವ ಕೆಲಸವೇ. ಸೀಳಿದ ಕಡೆ ಕೆತ್ತಿ ತೆಗೆದು, ಅದೇ ಅಳತೆಯ ವಿಲ್ಲೋ ಚಕ್ಕೆ ಕೂರಿಸಿ, ಅಂಟು ಹಾಕಿ ಬಿಗಿದು ಒಣಗಲು ಇಡುವುದು. ಮೊಳೆ ಇಲ್ಲ, ತಗಡಿಲ್ಲ.