ಸೋರುವ ಟ್ಯಾಂಕು, ಬಟ್ಟೆ ಸೋಪು ಮತ್ತು ಒಂದು ಡಬ್ಬದ ಕಥೆ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ತಿಪಟೂರಿನಲ್ಲಿ ಬಸ್ಸಿಳಿದು ಮನೆಗೆ ಬಂದರೆ ಚಿಕ್ಕಪ್ಪ ಲಾರಿ ಕೆಳಗೆ ಮಲಗಿದ್ದಾರೆ, ಕೈಯಲ್ಲಿ ಬಟ್ಟೆ ಸೋಪು!

"ಏನ್ ಚಿಕ್ಕಪ್ಪ, ಲಾರಿಗೂ ಸ್ನಾನಾನಾ?"

"ಹಬ್ಬ ಅಲ್ವೇನೋ. ಎಣ್ಣೆ ಅದೇ ಹಚ್ಕೊಂಡಿದೆ, ಸೋಪು ನಾನು ಹಚ್ತಾ ಇದೀನಿ" ಅಂದರು :)

ಡೀಸೆಲ್ ಟ್ಯಾಂಕಿನ ತಳ ತುಕ್ಕು ಹಿಡಿದು ತೊಟ್ಟಿಕ್ಕುತ್ತಿತ್ತು. ಸೋಪು ನೀರಿಗೆ ಕರಗುತ್ತೆ, ಡೀಸೆಲ್‌ಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ. ಹಾಗಾಗಿ ತೂತಿಗೆ ಸೋಪು ಮೆತ್ತಿ ಒಂದೆರಡು ದಿನ ತಳ್ಳುವುದು ಲಾರಿಯವರ ಹಳೇ ಉಪಾಯ. ಆ ಲಾರಿ ನನಗಿಂತ ಹಿರಿಯದು. ಕೊಬ್ಬರಿ ಹೊತ್ತು ಹೊತ್ತು ನನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದೂ ಅದೇ. ದಿನವಿಡೀ ಆಫೀಸಿನಲ್ಲಿ ಮೆಮೊರಿ ಲೀಕ್ ಹುಡುಕುವ ನಾನು ನಿಜವಾದ ಲೀಕನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಹಬ್ಬ ಮುಗಿದ ಮೇಲೆ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಟ್ಯಾಂಕು ಬಿಚ್ಚಿ ಬಗ್ಗಿಸಿದರೆ ಡೀಸೆಲ್ ಹಿಂದೆಯೇ ಕೆಂಪು ಕೆಂಪು ನೀರು ಬಂತು. "ತುಕ್ಕು ಹೊರಗಿಂದಲ್ಲ ಅಣ್ಣ, ಒಳಗಿಂದ ತಿಂದಿದೆ" ಅಂದ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಇರುತ್ತೆ, ಗಾಳಿಯಲ್ಲಿ ತೇವ ಇರುತ್ತೆ. ರಾತ್ರಿ ತಗಡು ತಣ್ಣಗಾದಾಗ ಅದು ಹನಿಯಾಗಿ ಇಳಿಯುತ್ತೆ. ನೀರು ಡೀಸೆಲ್‌ಗಿಂತ ಭಾರ, ಸೀದಾ ತಳ ಸೇರುತ್ತೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಸೂಕ್ಷ್ಮಜೀವಿಗಳೂ ಸಂಸಾರ ಹೂಡಿ ಆಮ್ಲ ಬಿಡುತ್ತವೆ. ಇದನ್ನು ತಡೆಯಲೆಂದೇ ದಶಕಗಳ ಕಾಲ ವಾಹನಗಳ ಟ್ಯಾಂಕುಗಳನ್ನು ಸೀಸ ಮತ್ತು ತವರದ ಮಿಶ್ರಲೋಹ ಲೇಪಿಸಿದ ಟರ್ನ್ ಪ್ಲೇಟ್ ಎಂಬ ತಗಡಿನಿಂದ ಮಾಡುತ್ತಿದ್ದರು. ಟರ್ನ್ ಅಂದರೆ ಫ್ರೆಂಚಿನಲ್ಲಿ ಹೊಳಪಿಲ್ಲದ್ದು ಅಂತ.

"ಒಂದು ವೆಲ್ಡಿಂಗ್ ಹೊಡೆದು ಕೊಡಪ್ಪ ಸಾಕು" ಅಂದರು ಚಿಕ್ಕಪ್ಪ. ಮೆಕ್ಯಾನಿಕ್ ಮಾತಾಡದೆ ಶರ್ಟಿನ ತೋಳು ಮಡಿಸಿದ. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಸುಕ್ಕಾಗಿ ಮಿರಮಿರ ಅನ್ನುತ್ತಿತ್ತು. ಹುಡುಗನಾಗಿದ್ದಾಗ ಬೇರೊಂದು ಊರಿನ ಗ್ಯಾರೇಜಿನಲ್ಲಿ "ಖಾಲಿ ಟ್ಯಾಂಕು ತಾನೆ" ಅಂತ ಹಿಡಿದುಕೊಂಡಿದ್ದನಂತೆ. ವೆಲ್ಡಿಂಗ್ ಮಾಡುತ್ತಿದ್ದವರು ಉಳಿಯಲಿಲ್ಲವಂತೆ.... ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕಿಗೇ ಹೆದರಬೇಕು. ಒಳಗೆ ಅಂಟಿಕೊಂಡ ಡೀಸೆಲ್ ಬಿಸಿಗೆ ಆವಿಯಾಗುತ್ತೆ, ಜೊತೆಗೆ ಬೇಕಾದಷ್ಟು ಗಾಳಿ, ಮೇಲೆ ಕಿಡಿ. ಅದಕ್ಕೇ ತಿಳಿದವರು ಟ್ಯಾಂಕನ್ನು ಚೆನ್ನಾಗಿ ತೊಳೆದು, ನೀರು ತುಂಬಿಸಿ, ವೆಲ್ಡ್ ಮಾಡುವ ಜಾಗದಷ್ಟೇ ಬಿಡುತ್ತಾರೆ. ಇಷ್ಟು ಸವೆದ ತಗಡಿಗೆ ಅದೂ ದಂಡ, ಬೇರೆ ಟ್ಯಾಂಕೇ ಹಾಕಬೇಕು ಅಂದ. ಚಿಕ್ಕಪ್ಪ ಮನಸ್ಸಿನಲ್ಲೇ ದುಡ್ಡಿನ ಲೆಕ್ಕ ಹಾಕುತ್ತಾ ಸುಮ್ಮನಾದರು.

ಹೊರಡುವಾಗ ಮೆಕ್ಯಾನಿಕ್ ತೋರಿಸಿದ. ತೂತು ಬಿದ್ದಿದ್ದು ತಗಡಿನ ಮಧ್ಯದಲ್ಲಲ್ಲ, ಎರಡು ತಗಡು ಮಡಚಿ ಸೇರಿಸಿದ ಜಾಯಿಂಟಿನಲ್ಲಿ.

ಈ ಜಾಯಿಂಟು ತಲೆಯಲ್ಲಿ ಕೂತುಬಿಟ್ಟಿತು. ಬೆಂಗಳೂರಿಗೆ ವಾಪಸಾದ ಮೇಲೆ ರಾತ್ರಿಗಳಲ್ಲಿ ಅದರ ಬಗ್ಗೆಯೇ ಹುಡುಕಿ ಓದುತ್ತಾ ಕೂತೆ. ಲಾರಿ ಟ್ಯಾಂಕು ಹುಡುಕಲು ಹೋದವನಿಗೆ ಸಿಕ್ಕಿದ್ದು ಯುದ್ಧದ ಟ್ಯಾಂಕುಗಳ ಕಥೆ!

ಎರಡನೇ ಮಹಾಯುದ್ಧದಲ್ಲಿ, 1940ರಿಂದ, ಈಜಿಪ್ಟ್-ಲಿಬಿಯಾದ ಮರಳುಗಾಡಿನಲ್ಲಿ ಬ್ರಿಟಿಷ್ ಸೈನ್ಯ ಹೋರಾಡುತ್ತಿತ್ತು. ನಮ್ಮ 4ನೇ ಇಂಡಿಯನ್ ಡಿವಿಷನ್ನೂ ಅಲ್ಲೇ ಇತ್ತು. ಪೆಟ್ರೋಲು ಮುಂಚೂಣಿಗೆ ಹೋಗುತ್ತಿದ್ದದ್ದು 4 ಗ್ಯಾಲನ್ನಿನ, ಅಂದರೆ ಸುಮಾರು 18 ಲೀಟರಿನ, ತೆಳು ತಗಡಿನ ಚೌಕ ಡಬ್ಬಗಳಲ್ಲಿ. ನಮ್ಮ ಅಂಗಡಿಗಳ ಎಣ್ಣೆ ಡಬ್ಬದ ಅಣ್ಣತಮ್ಮ ಅನ್ನಿ. ಸೈನಿಕರು ಅದಕ್ಕಿಟ್ಟ ಹೆಸರು 'ಫ್ಲಿಮ್ಸಿ'. ಲಾರಿಯಲ್ಲಿ ಒಂದರ ಮೇಲೊಂದು ಪೇರಿಸಿ ಕಲ್ಲುನೆಲದ ಮೇಲೆ ಓಡಿಸಿದರೆ ಜಾಯಿಂಟು ಬಿಟ್ಟುಕೊಂಡು ಪೆಟ್ರೋಲು ಲಾರಿಯೊಳಗೇ ಹರಿಯುತ್ತಿತ್ತು. ಡಿಪೋದಿಂದ ಬಳಸುವವರ ಕೈಗೆ ಸೇರುವಷ್ಟರಲ್ಲಿ ಶೇ. 30ರಷ್ಟು ಇಂಧನ ನಷ್ಟವಾಗುತ್ತಿತ್ತು ಅಂತ ಜನರಲ್ ಆಕಿನ್‌ಲೆಕ್ ಅಂದಾಜು ಮಾಡಿದ್ದರು. ಇವರೇ ಆಮೇಲೆ 1943ರಲ್ಲಿ ಭಾರತದ ಸೇನಾ ದಂಡನಾಯಕರಾದವರು. ಸಮುದ್ರದಾಚೆಯಿಂದ ಹಡಗಿನಲ್ಲಿ ತಂದ ಪೆಟ್ರೋಲಿನ ಮೂರರಲ್ಲೊಂದು ಪಾಲು ಹತ್ತಿರ ಹತ್ತಿರ ಮರಳಿಗೆ! ಆ ಡಬ್ಬ ಚೆನ್ನಾಗಿ ಉಪಯೋಗವಾಗಿದ್ದು ಖಾಲಿಯಾದ ಮೇಲೆಯೇ. ಅರ್ಧಕ್ಕೆ ಕತ್ತರಿಸಿ, ಮರಳು ಹಾಕಿ, ಪೆಟ್ರೋಲು ಸುರಿದು ಹಚ್ಚಿದರೆ ಚಹಾ ಕಾಯಿಸುವ ಒಲೆ.

ಎದುರಾಳಿ ಜರ್ಮನ್ನರ ಹತ್ತಿರ ಬೇರೆಯೇ ಡಬ್ಬ ಇತ್ತು. 1930ರ ದಶಕದ ಕೊನೆಯಲ್ಲಿ ಮ್ಯೂಲರ್ ಕಂಪನಿಯ ಇಂಜಿನಿಯರ್ ವಿನ್ಸೆಂಟ್ಸ್ ಗ್ರೂನ್‌ಫೋಗೆಲ್ ರೂಪಿಸಿದ್ದು. 20 ಲೀಟರಿನ ಈ ಡಬ್ಬ ಒತ್ತಿ ಮಾಡಿದ ಎರಡೇ ಅರ್ಧಗಳು, ಸುತ್ತ ಒಂದೇ ವೆಲ್ಡಿಂಗ್ ಗೆರೆ. ಆ ಗೆರೆಯೂ ಪೆಟ್ಟು ಬೀಳದಂತೆ ಒಳಸರಿದಿದೆ. ತುಕ್ಕು ಹಿಡಿಯದಿರಲು ಒಳಗೆ ಲೇಪ. ಪೆಟ್ರೋಲು ಬಿಸಿಗೆ ಹಿಗ್ಗಿದರೆ ಜಾಗ ಇರಲೆಂದು ಮೇಲೆ ಗಾಳಿಯ ಗೂಡು. ಮೂರು ಹಿಡಿಕೆ ಯಾಕೆ ಗೊತ್ತಾ? ತುಂಬಿದ್ದನ್ನು ಇಬ್ಬರು ಹಿಡಿಯಬಹುದು, ಖಾಲಿಯಾದರೆ ಒಬ್ಬನೇ ಒಂದೊಂದು ಕೈಯಲ್ಲಿ ಎರಡೆರಡು ಒಯ್ಯಬಹುದು. ಬ್ರಿಟಿಷರು ಸಿಕ್ಕ ಕಡೆಯೆಲ್ಲ ಇವನ್ನು ಬಾಚಿಕೊಂಡು 'ಜೆರ್ರಿಕ್ಯಾನ್' ಅಂದರು. ಜೆರ್ರಿ ಅಂದರೆ ಅವರ ಆಡುಮಾತಿನಲ್ಲಿ ಜರ್ಮನ್.

ಇದರಲ್ಲಿ ನಮ್ಮ ದೇಶವೂ ಬರುತ್ತೆ. 1939ರಲ್ಲಿ ಪಾಲ್ ಪ್ಲೈಸ್ ಎಂಬ ಅಮೆರಿಕನ್ ಇಂಜಿನಿಯರ್, ಜರ್ಮನ್ ಸಹೋದ್ಯೋಗಿಯ ಜೊತೆ ಬರ್ಲಿನ್ನಿನಿಂದ ಭಾರತಕ್ಕೆ ಕಾರಿನಲ್ಲಿ ಹೊರಟ. ದಾರಿಗೆ ನೀರು ತುಂಬಿಕೊಳ್ಳಲು ಆ ಜರ್ಮನ್ನು ಇಂಥ ಮೂರು ಡಬ್ಬ ತಂದ. ಮಧ್ಯದಾರಿಯಲ್ಲಿ ಅವನಿಗೆ ವಾಪಸ್ ಕರೆ ಬಂತು. ಹೋಗುವ ಮುಂಚೆ ಡಬ್ಬ ತಯಾರಿಸುವ ವಿವರವನ್ನೆಲ್ಲ ಗೆಳೆಯನಿಗೆ ಹೇಳಿಹೋದ! ಪ್ಲೈಸ್ ಕಲ್ಕತ್ತಾ ಮುಟ್ಟಿ, ಕಾರನ್ನು ಅಲ್ಲೇ ಬಿಟ್ಟು ಅಮೆರಿಕಕ್ಕೆ ಹೋಗಿ ಸೈನ್ಯದವರಿಗೆ ಹೇಳಿದರೆ ಯಾರೂ ಕಿವಿಗೊಡಲಿಲ್ಲ. 1940ರ ಬೇಸಿಗೆಯಲ್ಲಿ ಕಾರು, ಡಬ್ಬಗಳ ಸಮೇತ, ನ್ಯೂಯಾರ್ಕ್ ತಲುಪಿತು. ಒಂದನ್ನು ವಾಷಿಂಗ್ಟನ್ನಿಗೆ ಕಳಿಸಿದ. ನೋಡಿದವರು, ನಮ್ಮ ಹಳೇದೇ ಸಾಕು ಅಂದುಬಿಟ್ಟರು. ಆಮೇಲೆ ನಕಲು ಮಾಡಿದಾಗಲೂ ವೆಲ್ಡಿಂಗ್ ಬಿಟ್ಟು ಮಡಚಿದ ಜಾಯಿಂಟು ಹಾಕಿದರು, ಒಳಲೇಪವನ್ನೂ ತೆಗೆದರು. ಅದೂ ಸೋರಿತು. ರಿಕ್ವೈರ್‌ಮೆಂಟ್ ಓದದೆ ಕೋಡ್ ಕಾಪಿ ಮಾಡುವವರು ಆಗಲೂ ಇದ್ದರು ಅಂತಾಯ್ತು!

ಇದನ್ನೆಲ್ಲ ಫೋನಿನಲ್ಲಿ ಉತ್ಸಾಹದಿಂದ ಚಿಕ್ಕಪ್ಪನಿಗೆ ಹೇಳಿದೆ. "ಪಕ್ಕದಲ್ಲಿ ಗುಣಾಕಾರದ ಗುರುತು ಇರೋ ಡಬ್ಬ ತಾನೆ? ಶೆಡ್ಡಿನಲ್ಲಿ ಒಂದು ಬಿದ್ದಿದೆಯಲ್ಲೋ, ನೀನು ಚಿಕ್ಕವನಿದ್ದಾಗ ಅದರ ಮೇಲೇ ಕೂತು ಡ್ರೈವರ್ ಆಟ ಆಡ್ತಿದ್ದೆ" ಅಂದರು.

ಲಾರಿಗೆ ಬೇರೆ ಟ್ಯಾಂಕು ಬಂದಿದೆ. ಹಳೆಯದನ್ನು ಗುಜರಿಯವನು ಕೆ.ಜಿ. ಲೆಕ್ಕದಲ್ಲಿ ಒಯ್ದ. ಅದಕ್ಕೂ ಮುಂಚೆ ಮೆಕ್ಯಾನಿಕ್ ತಾನೇ ತೊಳೆದು, ಎರಡು ದಿನ ನೀರು ತುಂಬಿಸಿಟ್ಟು, "ಗ್ಯಾಸ್ ಕಟರ್ ಹಿಡಿಯಬೇಡ" ಅಂತ ಅವನಿಗೆ ಎರಡೆರಡು ಸಲ ಹೇಳಿ ಕೊಟ್ಟನಂತೆ.