1.0.1ಇ: ನಂಬರ್ ಬದಲಾಗಲಿಲ್ಲ, ತೂತು ಮುಚ್ಚಿತ್ತು

ಇವತ್ತು ಒಂದು ಡ್ಯಾಶ್ ಬಗ್ಗೆ ಮಾತಾಡೋಣ. ಹೌದು, ಸಾಫ್ಟ್‌ವೇರ್ ಪ್ಯಾಕೇಜಿನ ಹೆಸರಲ್ಲಿ ಬರೋ ಆ ಚಿಕ್ಕ ಗೆರೆ.

2014ರ ಏಪ್ರಿಲ್ 7. ಹಾರ್ಟ್‌ಬ್ಲೀಡ್ ಸುದ್ದಿ ಹೊರಬಂತು. ಬ್ರೌಸರ್‌ನಲ್ಲಿ ವಿಳಾಸದ ಪಕ್ಕ ಬೀಗದ ಚಿತ್ರ ನೋಡ್ತೀವಲ್ಲ, ಆ ಬೀಗದ ಕೆಲಸವನ್ನು ಲೆಕ್ಕವಿಲ್ಲದಷ್ಟು ಸರ್ವರ್‌ಗಳಲ್ಲಿ ಮಾಡುತ್ತಿದ್ದದ್ದು ಓಪನ್‌ಎಸ್‌ಎಸ್‌ಎಲ್ ಎಂಬ ಉಚಿತ ಸಾಫ್ಟ್‌ವೇರ್. ಅದರಲ್ಲೊಂದು ಸೌಲಭ್ಯವಿತ್ತು. ಸಂಪರ್ಕ ಜೀವಂತ ಇದೆಯಾ ಅಂತ ನೋಡಲು ನಾವೊಂದು ಮಾತು ಕಳಿಸಿದರೆ, ಸರ್ವರ್ ಅದನ್ನೇ ವಾಪಸ್ ಕಳಿಸಬೇಕು. ಮಾತು ಎಷ್ಟುದ್ದ ಅಂತ ಹೇಳೋದೂ ನಾವೇ. ನಾಲ್ಕಕ್ಷರ ಕಳಿಸಿ 'ಅರವತ್ತು ಸಾವಿರ' ಅಂದರೆ? ಸರ್ವರ್ ಎಣಿಸಿ ನೋಡುತ್ತಿರಲಿಲ್ಲ! ತನ್ನ ಮೆಮೊರಿಯಲ್ಲಿ ಪಕ್ಕದಲ್ಲಿದ್ದದ್ದನ್ನೂ ಬಾಚಿ ಕೊಡುತ್ತಿತ್ತು. ಅದರಲ್ಲಿ ಯಾರದೋ ಪಾಸ್‌ವರ್ಡ್ ಇರಬಹುದು, ಬೀಗದ ಕೀಲಿಯೇ ಇರಬಹುದು. ಕೆನಡಾದ ತೆರಿಗೆ ಇಲಾಖೆಯಿಂದ ಸುಮಾರು 900 ಜನರ ಸಾಮಾಜಿಕ ವಿಮಾ ಸಂಖ್ಯೆ ಹೀಗೇ ಕಳುವಾಯಿತು.

ತೂತು ಇದ್ದದ್ದು 2012ರ ಮಾರ್ಚ್‌ನಲ್ಲಿ ಬಂದ 1.0.1ರಿಂದ 1.0.1ಎಫ್ ತನಕ. 1.0.1ಜಿಯಲ್ಲಿ ಸರಿಹೋಯಿತು. ತಮಾಷೆ ಏನಂದ್ರೆ, ಹಳೇ 0.9.8 ಇಟ್ಟುಕೊಂಡಿದ್ದವರಿಗೆ ಈ ಕಾಟವೇ ಇರಲಿಲ್ಲ.

ಈಗ ರೆಡ್ ಹ್ಯಾಟ್ ಲಿನಕ್ಸ್ 6.5 ನಡೆಸುತ್ತಿದ್ದವರ ಪಾಡು ನೋಡಿ. ಅಪ್‌ಡೇಟ್ ಹಾಕಿ, ವರ್ಷನ್ ಕೇಳಿದರೆ ಬಂದ ಉತ್ತರ ಮತ್ತೆ 1.0.1ಇ. ಪಕ್ಕದಲ್ಲಿ ಅದೇ ಹಳೇ 2013ರ ತಾರೀಕು. ಎದೆ ಧಸಕ್ ಅನ್ನದೆ ಇರುತ್ತಾ?

ಆದರೆ ತೂತು ಮುಚ್ಚಿತ್ತು. ಅದು ಗೊತ್ತಾಗುತ್ತಿದ್ದದ್ದು ಪ್ಯಾಕೇಜಿನ ಪೂರ್ತಿ ನಂಬರ್ ನೋಡಿದಾಗ: 1.0.1ಇ-16.ಇಎಲ್6_5.7. ಡ್ಯಾಶ್‌ಗೆ ಮುಂಚಿನದು ವರ್ಷನ್, ಅದನ್ನು ಕೊಡೋದು ಸಾಫ್ಟ್‌ವೇರ್ ಬರೆದವರು. ಆಮೇಲಿನದು ರಿಲೀಸ್, ಅದನ್ನು ಕೊಡೋದು ಪ್ಯಾಕೇಜ್ ಕಟ್ಟಿ ಹಂಚುವವರು. ಬಿಕಾಂ ಓದಿದ ನನ್ನ ತಲೆಗೆ ಹೊಳೆದ ಹೋಲಿಕೆ ಪುಸ್ತಕದ್ದು. ಲೇಖಕರು ಹೊಸ ಆವೃತ್ತಿ ಬರೆದಿಲ್ಲ, ಪ್ರಕಾಶಕರು ಒಂದು ಪುಟದ ತಪ್ಪು ತಿದ್ದಿ ಮರುಮುದ್ರಣ ಮಾಡಿದ್ದಾರೆ. ಕೊನೆಯ ಅಂಕಿ 4 ಇದ್ದಾಗ ಅಪಾಯ, 7 ಆದಾಗ ಭದ್ರ.

ನೇರವಾಗಿ 1.0.1ಜಿ ಕೊಟ್ಟಿದ್ದರೆ ಆಗುತ್ತಿರಲಿಲ್ವಾ? ಅದರ ಜೊತೆ ಬೇರೆ ಬದಲಾವಣೆಗಳೂ ಬರುತ್ತವೆ. ವರ್ಷಗಟ್ಟಲೆ ಅಲುಗಾಡದೆ ನಡೀಬೇಕಾದ ಸರ್ವರ್‌ಗಳಲ್ಲಿ ಇನ್ನೇನು ಕೈಕೊಡುತ್ತೋ ಯಾರಿಗೆ ಗೊತ್ತು? ಅದಕ್ಕೇ ಬೇಕಾದ ತಿದ್ದುಪಡಿಯನ್ನಷ್ಟೇ ಎತ್ತಿ ಹಳೇ ವರ್ಷನ್‌ಗೆ ಸೇರಿಸುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಅಂತ ಹೆಸರು. ಡೆಬಿಯನ್‌ನವರೂ ಆಗ ಇದನ್ನೇ ಮಾಡಿದರು. ನನ್ನ ಪ್ರಕಾರ ಅದು ಸರಿಯಾದ ನಿರ್ಧಾರ. ಆದರೆ ಗಾಬರಿಯಲ್ಲಿ ಮುಂದಿನ ಅರ್ಧವನ್ನಷ್ಟೇ ಓದಿ 'ಜಿ'ಯನ್ನು ಕೈಯಾರೆ ಹಾಕಿಕೊಂಡವರು, ಹಂಚುವವರ ಮುಂದಿನ ಅಪ್‌ಡೇಟ್‌ಗಳ ದಾರಿಯಿಂದಲೇ ಹೊರಗುಳಿಯುತ್ತಿದ್ದರು.

ಅಂದಹಾಗೆ, ಫೋನ್‌ಗಳೂ ಪೂರ್ತಿ ಬಚಾವಾಗಲಿಲ್ಲ. ಆಂಡ್ರಾಯ್ಡ್ 4.1.1ರಲ್ಲಿ ಇದೇ ತೂತು ಇತ್ತು. ನಿಮ್ಮ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ. ಆಂಡ್ರಾಯ್ಡ್ ವರ್ಷನ್ ಒಂದು ಕಡೆ, ಸೆಕ್ಯುರಿಟಿ ಅಪ್‌ಡೇಟ್ ತಾರೀಕು ಇನ್ನೊಂದು ಕಡೆ. ಮೊದಲನೆಯದು ಹಾಗೇ ಇದ್ದರೂ ಎರಡನೆಯದು ಮುಂದೆ ಹೋಗಿರಬಹುದು. ನಿಮ್ಮದರಲ್ಲಿ ಯಾವ ತಿಂಗಳಿದೆ?